ಕೇಳದೆ ಹಾಕಿದ ಹೆಸರು

ಸಾಹಿತ್ಯ ಸಮ್ಮೇಳನದ ಆಮಂತ್ರಣ ಪತ್ರಿಕೆ ಕೈಗೆ ಬಂದರೆ ನಾವು ಮೊದಲು ಹುಡುಕುವುದು ಗೋಷ್ಠಿಗಳ ವಿಷಯವನ್ನಲ್ಲ. ಯಾರ ಹೆಸರಿದೆ, ಯಾರದು ಬಿಟ್ಟುಹೋಗಿದೆ ಎಂಬುದನ್ನು. ಅಲ್ಲಿ ಜಗಳ ತೆಗೆಯಲು ಪರಿಷತ್ತಾದರೂ ಇದೆ. ಬ್ಲೂಸ್ಕೈ ಎಂಬ ಸಾಮಾಜಿಕ ಜಾಲತಾಣದ ಸ್ಟಾರ್ಟರ್ ಪ್ಯಾಕ್‌ ವಿಷಯದಲ್ಲಿ ಯಾರ ಬಾಗಿಲು ಬಡಿಯುವುದು?

2024ರ ಜೂನ್‌ನಲ್ಲಿ ಬಂದ ಈ ಸೌಲಭ್ಯದಲ್ಲಿ ಯಾರು ಬೇಕಾದರೂ 150 ಖಾತೆಗಳವರೆಗೆ ಪಟ್ಟಿ ಕಟ್ಟಬಹುದು. ಹೊಸಬರು ಒಂದೇ ಗುಂಡಿ ಒತ್ತಿ ಅಷ್ಟೂ ಜನರನ್ನು ಫಾಲೋ ಮಾಡಬಹುದು. ಅದೇ ನವೆಂಬರ್‌ನಲ್ಲಿ, ಅಮೆರಿಕದ ಚುನಾವಣೆಯ ಬೆನ್ನಿಗೆ ಎಕ್ಸ್ (ಹಿಂದಿನ ಟ್ವಿಟರ್) ಬಿಟ್ಟವರು ಸಾಲುಗಟ್ಟಿ ಬಂದು ಬ್ಲೂಸ್ಕೈ ಬಳಕೆದಾರರ ಸಂಖ್ಯೆ 2 ಕೋಟಿ ದಾಟಿತು. ಖಾಲಿ ಗೋಡೆ ನೋಡುತ್ತ ಕೂರಬೇಕಿದ್ದವರಿಗೆ ಈ ಪಟ್ಟಿಗಳು ಆಸರೆಯಾದವು. ಅದನ್ನು ಅಲ್ಲಗಳೆಯಲಾರೆ.

ಆದರೆ ಅಲ್ಲಿನ ಜಗಳವೆಲ್ಲ ಬ್ಲಾಕ್ ಲಿಸ್ಟ್‌ಗಳ ಸುತ್ತಲೇ. ಅದು ಸೆನ್ಸಾರ್ ಎಂದು ಒಬ್ಬರು, ಆತ್ಮರಕ್ಷಣೆ ಎಂದು ಇನ್ನೊಬ್ಬರು. ನನಗೆ ಹೆಚ್ಚು ಅಳುಕಿರುವುದು ಹೊರಗಿಡುವ ಪಟ್ಟಿಯ ಬಗ್ಗೆ ಅಲ್ಲ, ನಗುನಗುತ್ತ ಒಳಗೆ ಕರೆಯುವ ಪಟ್ಟಿಯ ಬಗ್ಗೆ. ಬ್ಲಾಕ್ ಆದವರಿಗೆ ಒಂದಲ್ಲ ಒಂದು ದಿನ ಸುಳಿವು ಸಿಗುತ್ತದೆ. ಪ್ಯಾಕ್‌ನಲ್ಲಿ ಬಿಟ್ಟುಹೋದವರಿಗೆ ತಾವು ಬಿಟ್ಟುಹೋಗಿದ್ದೇವೆ ಎಂಬುದೇ ಗೊತ್ತಾಗುವುದಿಲ್ಲ.

ಇದು ಹೊಸ ರೋಗವೂ ಅಲ್ಲ. 2009ರಲ್ಲಿ ಟ್ವಿಟರ್ ತಾನೇ ಆಯ್ದ ಖಾತೆಗಳನ್ನು ಹೊಸಬರಿಗೆ ಸೂಚಿಸುತ್ತಿತ್ತು. ಆ ಪಟ್ಟಿಯಲ್ಲಿದ್ದವರ ಫಾಲೋವರ್‌ಗಳ ಸಂಖ್ಯೆ ಲಕ್ಷಗಟ್ಟಲೆ ಏರಿತು. ಉದ್ಯಮಿ ಜೇಸನ್ ಕಲಕಾನಿಸ್ ಅದರಲ್ಲೊಂದು ಜಾಗಕ್ಕೆ ದುಡ್ಡು ಕೊಡುತ್ತೇನೆಂದು ಬಹಿರಂಗವಾಗಿಯೇ ಹೇಳಿದರು. ಮರುವರ್ಷ ಟ್ವಿಟರ್ ಆ ಪಟ್ಟಿಯನ್ನು ಕೈಬಿಟ್ಟಿತು. ಈಗ ಒಂದು ಪಟ್ಟಿಯ ಜಾಗದಲ್ಲಿ ಲೆಕ್ಕವಿಲ್ಲದಷ್ಟಿವೆ, ನಿಜ. ಆದರೆ ಮೊದಲೇ ಹೆಸರು ಮಾಡಿದವರ ಪಟ್ಟಿಯೇ ಹೆಚ್ಚು ಹರಿದಾಡುತ್ತದೆ, ಅದರಲ್ಲಿರುವುದು ಅವರ ಗೆಳೆಯರೇ.

ಸೇರಿಸಿಕೊಂಡವರ ಕಥೆ ಇನ್ನೂ ವಿಚಿತ್ರ. ಅವರನ್ನು ಕೇಳುವುದಿಲ್ಲ. ಪಟ್ಟಿ ಇರುವುದು ಕಟ್ಟಿದವರ ಖಾತೆಯ ದಾಖಲೆಯಲ್ಲಿ, ಅದೂ ಎಲ್ಲರ ಕಣ್ಣಿಗೆ ಬೀಳುವಂತೆ. 'ಪತ್ರಕರ್ತೆಯರು' ಎಂದೊಬ್ಬರು ಪ್ರೀತಿಯಿಂದ ಮಾಡಿದ ಪ್ಯಾಕ್, ಕಾಡಬೇಕೆಂದು ಕಾದಿರುವವನಿಗೆ ಸಿದ್ಧ ವಿಳಾಸಪಟ್ಟಿ. ಲಿಂಗಾಂತರಿಗಳ, ವಲಸಿಗರ ಪಟ್ಟಿಗಳಿಗೂ ಇದೇ ಮಾತು.

2019ರಲ್ಲಿ ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದಾಗ ನಮ್ಮಲ್ಲಿ ಎಷ್ಟೋ ಜನ ಮಾಸ್ಟೊಡಾನ್ ಎಂಬ ಇನ್ನೊಂದು ಜಾಲತಾಣಕ್ಕೆ ಗುಳೆ ಹೋದರು. ಕಂಪನಿಯೊಂದು ತಮ್ಮನ್ನು ಕೇಳದೆ ತೀರ್ಮಾನಿಸುತ್ತದೆ ಎಂಬುದೇ ಅವರ ಸಿಟ್ಟು. ಕಂಪನಿಯ ಬದಲು ಅಪರಿಚಿತನೊಬ್ಬ ತೀರ್ಮಾನಿಸಿದರೆ ಆ ಸಿಟ್ಟು ಇಳಿಯಬೇಕೇ?

ಹೆಸರು ಹಾಕುವ ಮೊದಲು ಒಪ್ಪಿಗೆ ಕೇಳಲಿ. ಬೇಡವೆಂದವರಿಗೆ ತಮ್ಮ ಹೆಸರನ್ನು ತಾವೇ ಕಿತ್ತುಕೊಳ್ಳುವ ಗುಂಡಿ ಇರಲಿ. 150 ಜನರನ್ನು ಕೇಳುತ್ತ ಕೂರುವುದು ಯಾರಿಗಾಗುತ್ತದೆ ಎನ್ನುವವರಿದ್ದಾರೆ. ಆಗದಿದ್ದರೆ ಹದಿನೈದು ಜನರ ಪಟ್ಟಿ ಮಾಡಲಿ.