ಗುಂಡಿಯನ್ನೊತ್ತುವ ಮೊದಲು

ಹೊಸ ಯಂತ್ರವೊಂದು ಮನೆಗೆ ಬರುವ ದಿನ ಹಬ್ಬದ ದಿನವಿದ್ದಂತೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಗೂ ಅಂತಹ ಒಂದು ದಿನ ಬಂದಿತು. ಪದವಿಪೂರ್ವ ತರಗತಿಯಲ್ಲಿ ಓದುತ್ತಿರುವ ನಮ್ಮ ತಮ್ಮನ ಮಗನಿಗಾಗಿ, ಎರಡು ವರ್ಷ ಕೂಡಿಟ್ಟ ಹಣದಿಂದ, ಆಟಗಳನ್ನಾಡುವುದಕ್ಕೆ ತಕ್ಕ ಶಕ್ತಿಯುಳ್ಳ ಡೆಸ್ಕ್‌ಟಾಪ್ ಕಂಪ್ಯೂಟರೊಂದನ್ನು ತರಿಸಿದೆವು. ಹುಡುಗನು ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದನು. ಹಿರಿಯರೆಂಬ ಅಭಿಮಾನದಿಂದ ತಂತಿಗಳನ್ನು ನಾವು ಸಿಕ್ಕಿಸಿದೆವು. ಗುಂಡಿಯನ್ನೊತ್ತಿದೊಡನೆ ಪರದೆ ಬೆಳಗಿತು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತೆಂದು ಎಲ್ಲರೂ ಸಂತೋಷಪಟ್ಟೆವು.

ಸಂತೋಷ ಬಹುಕಾಲ ಉಳಿಯಲಿಲ್ಲ. ಆಟದ ಚಿತ್ರಗಳು ಮುಗ್ಗರಿಸತೊಡಗಿದುವು. ಹುಡುಗನು ಮುಖ ಸಣ್ಣದು ಮಾಡಿಕೊಂಡನು. ನಾವು ಅಂಗಡಿಯವನನ್ನು ಮನಸ್ಸಿನಲ್ಲಿಯೇ ಶಪಿಸಿದೆವು. ಒಂದು ತಿಂಗಳು ಕಳೆದ ಮೇಲೆ, ಪೆಟ್ಟಿಗೆಯ ತಳದಲ್ಲಿ ಬಿದ್ದಿದ್ದ ಕೈಪಿಡಿಯನ್ನು ಹುಡುಗನು ಓದಿದನು. ಆಗ ನಿಜಸಂಗತಿ ಬಯಲಾಯಿತು. ಯಂತ್ರದ ಹಿಂಬದಿಯಲ್ಲಿ ಪರದೆಯ ತಂತಿಗೆ ಒಂದೇ ತೆರನಾದ ಕಿಂಡಿಗಳು ಎರಡು ಕಡೆ ಇದ್ದುವು. ಮೇಲಿನವು ಮದರ್‌ಬೋರ್ಡಿನವು, ಕೆಳಗಿನವು ಗ್ರಾಫಿಕ್ಸ್ ಕಾರ್ಡಿನವು. ನಾವು ತಂತಿಯನ್ನು ಮೇಲಿನದಕ್ಕೆ ಸಿಕ್ಕಿಸಿದ್ದೆವು. ಮುಖ್ಯ ಪ್ರೊಸೆಸರಿನಲ್ಲಿ ಅಡಕವಾಗಿದ್ದ ಚಿಕ್ಕ ಚಿತ್ರವಿಭಾಗವು ಹೊರಲಾರದ ಹೊರೆಯನ್ನು ಹೊತ್ತು ಏದುಸಿರು ಬಿಡುತ್ತಿದ್ದಿತು. ನಮ್ಮ ಹಣದ ಬಹುಭಾಗವನ್ನು ನುಂಗಿದ್ದ ಕಾರ್ಡು ಕೆಲಸವಿಲ್ಲದೆ ಕುಳಿತಿದ್ದಿತು. ದೋಷ ಅಂಗಡಿಯವನದೂ ಅಲ್ಲ, ಯಂತ್ರದ್ದೂ ಅಲ್ಲ, ಕೇವಲ ನಮ್ಮದು.

ಈ ಸಣ್ಣ ಪ್ರಸಂಗವು ನಮ್ಮನ್ನು ಯೋಚನೆಗೀಡುಮಾಡಿತು. ಯಂತ್ರವನ್ನು ಕೊಳ್ಳುವುದಕ್ಕೆ ಎರಡು ವರ್ಷ ಕಾದವರು ಅದನ್ನು ತಿಳಿಯುವುದಕ್ಕೆ ಎರಡು ಗಂಟೆ ಕಾಯಲಿಲ್ಲ. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಟ್ಟು ಕೈಮುಗಿಯುವ ನಾವು, ಅದರ ಪಕ್ಕದ ಫಲಕವನ್ನು ತೆರೆದು ಒಳಗೇನಿದೆಯೆಂದು ನೋಡಲು ಮಾತ್ರ ಅಂಜುತ್ತೇವೆ. ಹೊಸ ಕಂಪ್ಯೂಟರನ್ನು ಅಣಿಗೊಳಿಸುವ ಮೊದಲ ಸಂಜೆಯು ಒಂದು ಉತ್ತಮ ಭೌತವಿಜ್ಞಾನದ ಪಾಠವೆಂಬುದು ನಮ್ಮ ಅಭಿಪ್ರಾಯ. ಆ ಪಾಠವನ್ನು ವಿದ್ಯಾರ್ಥಿಯು ತನ್ನ ಕೈಯಿಂದಲೇ ಕಲಿಯಬೇಕು.

ಗ್ರಾಫಿಕ್ಸ್ ಕಾರ್ಡನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾದೊಂದು ಪರದೆಯಲ್ಲಿ ಅಡ್ಡಸಾಲಿಗೆ 1920ರಂತೆ 1080 ಸಾಲುಗಳು, ಅಂದರೆ ಒಟ್ಟು 20,73,600 ಚುಕ್ಕೆಗಳಿರುತ್ತವೆ. ಪಿಕ್ಸೆಲ್‌ಗಳೆಂದರೆ ಇವೇ. ಚಿತ್ರವು ಸೆಕೆಂಡಿಗೆ 60 ಬಾರಿ ಬದಲಾಗಬೇಕಾದರೆ ಪ್ರತಿ ಸೆಕೆಂಡಿಗೂ ಸುಮಾರು 12 ಕೋಟಿ ಚುಕ್ಕೆಗಳ ಬಣ್ಣವನ್ನು ನಿರ್ಧರಿಸಬೇಕು. 144 ಬಾರಿ ಬದಲಾಗಬೇಕಾದರೆ ಸುಮಾರು 30 ಕೋಟಿ. ಒಂದೊಂದು ಚುಕ್ಕೆಯ ಲೆಕ್ಕವು ಅಷ್ಟೇನೂ ಕಠಿಣವಲ್ಲ; ಕಠಿಣವಾದುದು ಅವುಗಳ ಸಂಖ್ಯೆ. ಗದ್ದೆಯ ನಾಟಿಗೆ ಒಬ್ಬ ಮಹಾಪಂಡಿತನಿಗಿಂತ ನೂರು ಜನ ಆಳುಗಳು ಮೇಲಲ್ಲವೆ? ಮುಖ್ಯ ಪ್ರೊಸೆಸರಿನಲ್ಲಿ ಅತಿ ಸಮರ್ಥವಾದ ಕೆಲವೇ ಗಣನಾಂಗಗಳಿರುತ್ತವೆ. ಆಟದ ಗ್ರಾಫಿಕ್ಸ್ ಕಾರ್ಡಿನಲ್ಲಿ ಸರಳವಾದ ಗಣನಾಂಗಗಳು ಸಾವಿರಾರು ಇದ್ದು, ಎಲ್ಲವೂ ಏಕಕಾಲದಲ್ಲಿ ದುಡಿಯುತ್ತವೆ. ಇಷ್ಟನ್ನು ತಿಳಿದಿದ್ದವನು ನಮ್ಮಂತೆ ತಪ್ಪು ಕಿಂಡಿಗೆ ತಂತಿಯನ್ನು ಸಿಕ್ಕಿಸಲಾರನು. ಸೆಕೆಂಡಿಗೆ 144 ಬಾರಿ ಬದಲಾಗಬಲ್ಲ ಪರದೆಯನ್ನು ಕೊಂಡು ತಂದರೂ, ಸಿದ್ಧತೆಗಳ ಪುಟದಲ್ಲಿ ಆ ಸಂಖ್ಯೆಯನ್ನು ನಾವಾಗಿ ಆರಿಸದಿದ್ದರೆ, ಅದು ಅನೇಕ ವೇಳೆ 60ರಲ್ಲಿಯೇ ನಡೆಯುತ್ತಿರುವುದೆಂಬುದನ್ನೂ ಆತನು ಗಮನಿಸುವನು.

ಎರಡನೆಯ ಪಾಠ ಉಷ್ಣದ್ದು. ಆಟ ನಡೆಯುತ್ತಿರುವಾಗ ಯಂತ್ರವು 400 ವ್ಯಾಟುಗಳಷ್ಟು ವಿದ್ಯುಚ್ಛಕ್ತಿಯನ್ನು ಸೆಳೆಯುತ್ತಿದೆಯೆಂದು ಭಾವಿಸಿರಿ. ಈ ಶಕ್ತಿಯು ಎಲ್ಲಿಗೆ ಹೋಗುತ್ತದೆ? ಚಿತ್ರವಾಗಿ ಪರದೆಯೊಳಗೆ ಸೇರುವುದೆ? ಇಲ್ಲ. ಶಕ್ತಿಯು ನಾಶವಾಗದೆಂಬ ನಿಯಮವನ್ನು ನೀವು ಓದಿದ್ದೀರಿ. ಬಹುಮಟ್ಟಿಗೆ ಅದೆಲ್ಲವೂ ಕೊನೆಗೆ ಉಷ್ಣವಾಗಿಯೇ ಹೊರಬೀಳುವುದು. ಆದಕಾರಣ ಇಂತಹ ಯಂತ್ರವು ಕೋಣೆಯಲ್ಲಿ ಸದಾ ಉರಿಯುವ ಸಣ್ಣದೊಂದು ವಿದ್ಯುತ್ ಒಲೆಗೆ ಸಮಾನ. ಮುಂದಿನ ಬೀಸಣಿಗೆಗಳು ತಂಪು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಹಿಂದಿನವು ಬಿಸಿಗಾಳಿಯನ್ನು ಹೊರದೂಡುತ್ತವೆ. ಧೂಳು ತಾಕಬಾರದೆಂಬ ಮಮತೆಯಿಂದ ಯಂತ್ರವನ್ನು ಮೇಜಿನ ಬೀರುವಿನಲ್ಲಿಟ್ಟು ಬಾಗಿಲು ಮುಚ್ಚುವವರುಂಟು. ತಾನು ಉಗುಳಿದ ಬಿಸಿಗಾಳಿಯನ್ನು ತಾನೇ ಮತ್ತೆ ಸೇವಿಸುತ್ತ ಪ್ರೊಸೆಸರು ಕಾಯುವುದು. ಮಿತಿ ಮೀರಿದೊಡನೆ ಸುಟ್ಟುಹೋಗದಿರಲೆಂದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಯಂತ್ರವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸುವುದಕ್ಕೆ ಒಂದು ಕಾಸೂ ಖರ್ಚಿಲ್ಲ.

ಮೂರನೆಯದು ವಿದ್ಯುತ್ತಿನ ಪಾಠ. ಇದು ಪ್ರಾಣಕ್ಕೆ ಸಂಬಂಧಿಸಿದುದು. ಗೋಡೆಯಿಂದ ಬರುವ 230 ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಯಂತ್ರದೊಳಗಿನ ವಿದ್ಯುತ್ ಪೂರೈಕೆಯ ಡಬ್ಬಿಯು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆ. ಕಂಪ್ಯೂಟರಿನ ಲೋಹದ ಮೈಯನ್ನು ಮುಟ್ಟಿದಾಗ ಬೆರಳು ಜುಮ್ಮೆನ್ನುವುದನ್ನು ನಮ್ಮಲ್ಲಿ ಅನೇಕರು ಅನುಭವಿಸಿರಬಹುದು. ಆ ಡಬ್ಬಿಯಲ್ಲಿ ವಿದ್ಯುತ್ತಿನ ಗದ್ದಲವನ್ನು ಸೋಸುವ ಸಣ್ಣ ಕೆಪ್ಯಾಸಿಟರುಗಳಿದ್ದು, ಅವುಗಳ ಮೂಲಕ ಅತ್ಯಲ್ಪ ಪ್ರವಾಹವು ಲೋಹದ ಮೈಗೆ ಬರುತ್ತಿರುತ್ತದೆ. ಮೂರನೆಯ ಕಡ್ಡಿಯ ಮೂಲಕ ಅದು ನೆಲಕ್ಕೆ ಹರಿದುಹೋಗಬೇಕು. ಗೋಡೆಯ ಕಿಂಡಿಗೆ ಅರ್ಥಿಂಗ್ ಇಲ್ಲದಿದ್ದರೆ ಅದಕ್ಕೆ ನಿಮ್ಮ ಬೆರಳೇ ದಾರಿಯಾಗುವುದು. ಈ ಜುಮ್ಮೆನ್ನುವಿಕೆ ಅಲ್ಪವಾದುದಾದರೂ ಅದೊಂದು ಎಚ್ಚರಿಕೆ: ನಾಳೆ ಒಳಗಿನ ತಂತಿಯೊಂದು ಸಡಿಲವಾಗಿ ಮೈಗೆ ತಾಕಿದರೆ ಕಾಪಾಡುವವರಾರೂ ಇಲ್ಲವೆಂದು ಅದು ಹೇಳುತ್ತಿದೆ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಆಟ ಮುಂದುವರಿಸುವುದು ಪರಿಹಾರವಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗನ್ನು ಸರಿಪಡಿಸತಕ್ಕದ್ದು.

ಕೈಯಿಂದಲೇ ಕಲಿಯಿರೆಂದ ಮಾತ್ರಕ್ಕೆ ಎಲ್ಲದಕ್ಕೂ ಕೈಹಾಕಿರೆಂದು ಅರ್ಥವಲ್ಲ. ಫಲಕವನ್ನು ತೆರೆಯುವ ಮೊದಲು ತಂತಿಯನ್ನು ಗೋಡೆಯಿಂದ ಕಿತ್ತಿಡಬೇಕು. ಒಳಗಿನ ಭಾಗಗಳನ್ನು ಮುಟ್ಟುವ ಮೊದಲು ನೆಲಕ್ಕೆ ಹೊಂದಿಕೊಂಡ ಲೋಹವನ್ನು ಮುಟ್ಟಬೇಕು. ಬೆರಳಿಗೆ ಚುರುಕ್ಕೆನ್ನುವ ಸ್ಥಿರ ವಿದ್ಯುತ್ತಿನ ಕಿಡಿಯು ಸುಮಾರು 3000 ವೋಲ್ಟಿನದು. ಅದಕ್ಕಿಂತ ಬಹಳ ಕಡಮೆಯಾದುದು, ನಮ್ಮ ಅರಿವಿಗೇ ಬಾರದುದು, ಚಿಪ್ಪನ್ನು ಕೆಡಿಸಬಲ್ಲದು. ವಿದ್ಯುತ್ ಪೂರೈಕೆಯ ಡಬ್ಬಿಯನ್ನಂತೂ ಎಂದಿಗೂ ಬಿಚ್ಚತಕ್ಕದ್ದಲ್ಲ. ತಂತಿಯನ್ನು ಕಿತ್ತ ಮೇಲೆಯೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಮಾರಕವಾದ ವಿದ್ಯುತ್ತು ಉಳಿದಿರಬಹುದು. ಎಲ್ಲಿ ಕೈಯಿಡಬಾರದೆಂದು ತಿಳಿಯುವುದೂ ವಿದ್ಯೆಯೇ.

‘ಇದೆಲ್ಲ ಅಂಗಡಿಯವರ ಕೆಲಸ; ಮೇಲಾಗಿ ಆಟದ ಯಂತ್ರವೆಂದರೆ ಓದಿಗೆ ಮಾರಕ’ ಎಂದು ಹಿರಿಯರು ಆಕ್ಷೇಪಿಸಬಹುದು. ಆಟದಲ್ಲಿ ಮುಳುಗಿ ನಿದ್ರೆಯನ್ನೂ ಪಾಠವನ್ನೂ ಕಳೆದುಕೊಳ್ಳುವವರಿರುವುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಂಪ್ಯೂಟರಿನ ಚರಿತ್ರೆಯಲ್ಲಿ ಆಟವೂ ಒಬ್ಬ ಗುರುವಾಗಿದೆ. 1962ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವರ ಗೆಳೆಯರು, ತಮ್ಮಲ್ಲಿಗೆ ಹೊಸದಾಗಿ ಬಂದಿದ್ದ ಪಿಡಿಪಿ-1 ಎಂಬ ಯಂತ್ರದ ಸಾಮರ್ಥ್ಯವನ್ನು ತೋರಿಸುವುದಕ್ಕಾಗಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ರಚಿಸಿದರು. ಸ್ಟೀವ್ ವಾಜ್ನಿಯಾಕ್ ಅವರು ರೂಪಿಸಿದ, 1977ರಲ್ಲಿ ಹೊರಬಂದ ಆಪಲ್-2 ಕಂಪ್ಯೂಟರಿನ ಮುಚ್ಚಳವನ್ನು ತೆರೆಯಲು ಸ್ಕ್ರೂ ಚಾಲಕವೇ ಬೇಕಿರಲಿಲ್ಲ. ಬರಿಗೈಯಿಂದ ಎತ್ತಿದರೆ ಸಾಕು, ಹೊಸ ಕಾರ್ಡುಗಳನ್ನು ಸಿಕ್ಕಿಸಲು ಎಂಟು ಕಿಂಡಿಗಳು ಕಾಣುತ್ತಿದ್ದುವು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುಟ್ಸ್‌ಕೆವರ್ ಮತ್ತು ಜೆಫ್ರಿ ಹಿಂಟನ್ ಅವರು ಚಿತ್ರಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿ ಜಗತ್ತನ್ನು ಬೆರಗುಗೊಳಿಸಿದರು. ಅವರು ಬಳಸಿದುದು ಆಟವಾಡುವವರಿಗೆಂದು ಮಾರುತ್ತಿದ್ದ ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು. ಇಂದಿನ ಕೃತಕ ಬುದ್ಧಿಮತ್ತೆಯ ಮಹಾಪೂರಕ್ಕೆ ಅದೊಂದು ಮುಖ್ಯವಾದ ಒರತೆ. ಈ ಮೂವರೂ ಆ ಕಾರ್ಡನ್ನು ಆಟದ ಸಾಮಾನೆಂದಷ್ಟೇ ನೋಡಲಿಲ್ಲ. ಅದು ಏನು ಮಾಡಬಲ್ಲದೆಂದು ಕೇಳಿದರು.

ಇಂತಹ ಯಂತ್ರವನ್ನು ಕೊಳ್ಳಲು ಎಲ್ಲ ಮನೆಗಳಿಗೂ ಸಾಧ್ಯವಿಲ್ಲ. ಆದುದರಿಂದ ಉಪಾಧ್ಯಾಯರಲ್ಲಿ ನಮ್ಮದೊಂದು ವಿನಂತಿಯಿದೆ. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ಕೆಟ್ಟು ಮೂಲೆಗೆ ಬಿದ್ದಿರುವ ಹಳೆಯ ಕಂಪ್ಯೂಟರೊಂದು ಇದ್ದೇ ಇರುವುದು. ವಿದ್ಯುತ್ ಪೂರೈಕೆಯ ಡಬ್ಬಿಯನ್ನು ತೆಗೆಸಿ, ಉಳಿದುದನ್ನು ಪ್ರಯೋಗಶಾಲೆಯ ಮೇಜಿನ ಮೇಲೆ ತೆರೆದಿಡಿರಿ. ಹುಡುಗರೂ ಹುಡುಗಿಯರೂ ಅದನ್ನು ಬಿಚ್ಚಲಿ, ಜೋಡಿಸಲಿ, ಮತ್ತೆ ಬಿಚ್ಚಲಿ. ಗುಜರಿಗೆ ಹಾಕಿದರೆ ಅದರಿಂದ ಬರುವ ಹಣ ಅತ್ಯಲ್ಪ. ಮೇಜಿನ ಮೇಲಿಟ್ಟರೆ ಬರುವ ವಿದ್ಯೆ ಅಪಾರ.

ಇನ್ನು, ಹೊಸ ಯಂತ್ರವನ್ನು ಪಡೆಯುವ ಭಾಗ್ಯವುಳ್ಳ ವಿದ್ಯಾರ್ಥಿಮಿತ್ರರಿಗೆ ಒಂದು ಮಾತು. ಫಲಕವನ್ನು ತೆರೆದರೆ ಖಾತರಿಗೆ ಭಂಗವುಂಟೆ ಎಂದು ಕೊಳ್ಳುವಾಗಲೇ ಕೇಳಿ ತಿಳಿಯಿರಿ. ಮೊದಲ ಸಂಜೆ ಕೈಪಿಡಿಯನ್ನು ಓದಿರಿ. ಒಳಗಿನ ಒಂದೊಂದು ಭಾಗದ ಹೆಸರನ್ನೂ ಕೆಲಸವನ್ನೂ ಹಾಳೆಯೊಂದರ ಮೇಲೆ ಬರೆದು, ಮನೆಯ ಹಿರಿಯರಿಗೆ ವಿವರಿಸಿರಿ. ಆಮೇಲೆ ಗುಂಡಿಯನ್ನೊತ್ತಿ ಮನದಣಿಯೆ ಆಡಿರಿ. ನಮ್ಮ ತಮ್ಮನ ಮಗನು ಈಗ ಹಾಗೆಯೇ ಮಾಡುತ್ತಿದ್ದಾನೆ. ಕಳೆದ ವಾರ ನೆರೆಮನೆಗೆ ಹೊಸ ಕಂಪ್ಯೂಟರೊಂದು ಬಂದಾಗ ಅವರು ಕರೆದುದು ಅವನನ್ನು. ನಾವೂ ಜೊತೆಯಲ್ಲಿ ಹೋಗಿದ್ದೆವು. ಆದರೆ ತಂತಿಗಳನ್ನು ಮುಟ್ಟಲು ಅವನು ನಮಗೆ ಅನುಮತಿ ಕೊಡಲಿಲ್ಲ.