ಗುಡ್ಡ ಹತ್ತುವ ಮುಂಚೆ ಗುಡ್ಡದವರನ್ನು ಕೇಳಿ

ಹವಾಯಿ ಅಮೆರಿಕದ ಒಂದು ದ್ವೀಪ ರಾಜ್ಯ. ಅಲ್ಲಿನ ಬೆಟ್ಟದ ಜಗಳಕ್ಕೂ ನಮ್ಮ ಬಳ್ಳಾರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಎರಡು ಸಂಬಂಧ ಇವೆ. ಆ ಬೆಟ್ಟದ ಮೇಲೆ ಕಟ್ಟಬೇಕೆಂದಿರುವ ದೊಡ್ಡ ದೂರದರ್ಶಕದಲ್ಲಿ ನಮ್ಮ ತೆರಿಗೆ ಹಣದ ಪಾಲಿದೆ. ಇನ್ನೊಂದು, ದೇವರಿರುವ ಗುಡ್ಡಕ್ಕೆ ಹೊರಗಿನವರು ಕೈ ಹಾಕಿದಾಗ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡವರು.

ಬೆಟ್ಟದ ಹೆಸರು ಮೌನಾ ಕೀ. ಎತ್ತರ ಸುಮಾರು 4,200 ಮೀಟರ್. ತುದಿ ಮೋಡಗಳಿಗಿಂತ ಮೇಲಿದೆ, ಗಾಳಿ ಒಣಗಿದ್ದು, ಸುತ್ತ ದೀಪದ ಬೆಳಕು ಕಡಿಮೆ. ನಕ್ಷತ್ರ ನೋಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಭೂಮಿಯ ಮೇಲೆ ಬಹಳ ಇಲ್ಲ. ಆದರೆ ಹವಾಯಿಯ ಮೂಲನಿವಾಸಿಗಳಿಗೆ ಅದು ಬರೀ ಎತ್ತರದ ಜಾಗವಲ್ಲ. ಅವರ ನಂಬಿಕೆಯಲ್ಲಿ ಆ ಬೆಟ್ಟ ಆಕಾಶ ದೇವರ ಮಗು, ತಮಗೆಲ್ಲ ಹಿರಿಯಣ್ಣ. ಪೂಜೆಯ ಕಲ್ಲುಗಳು, ಹಿರಿಯರ ಸಮಾಧಿಗಳು ಅಲ್ಲಿವೆ.

1968ರಲ್ಲಿ ಸರ್ಕಾರ ಆ ಜಾಗವನ್ನು 65 ವರ್ಷದ ಗುತ್ತಿಗೆಗೆ ಹವಾಯಿ ವಿಶ್ವವಿದ್ಯಾಲಯಕ್ಕೆ ಕೊಟ್ಟಿತು. ಒಂದು ಎರಡಾಯಿತು, ಎರಡು ಹತ್ತಾಯಿತು, ಕೊನೆಗೆ 13 ದೂರದರ್ಶಕ ಕೇಂದ್ರಗಳು ಎದ್ದವು. ಅದರ ಮೇಲೆ ಈಗ 30 ಮೀಟರ್ ಅಗಲದ ಕನ್ನಡಿ ಇರುವ ಇನ್ನೊಂದನ್ನು ಕಟ್ಟುವ ಯೋಜನೆ. ಹೆಸರೇ ಥರ್ಟಿ ಮೀಟರ್ ಟೆಲಿಸ್ಕೋಪ್. 492 ತುಂಡು ಕನ್ನಡಿಗಳನ್ನು ಜೋಡಿಸಿ ಒಂದು ಕನ್ನಡಿ ಮಾಡುತ್ತಾರೆ. ಭಾರತವೂ ಪಾಲುದಾರ. 2014ರಲ್ಲಿ ಕೇಂದ್ರ ಸಚಿವ ಸಂಪುಟ ಇದಕ್ಕೆ ಸುಮಾರು 1,300 ಕೋಟಿ ರೂಪಾಯಿ ಒಪ್ಪಿತು. ನಮ್ಮ ಪಾಲಿನ 80ಕ್ಕೂ ಹೆಚ್ಚು ಕನ್ನಡಿ ತುಂಡುಗಳನ್ನು ಉಜ್ಜಿ ನಯ ಮಾಡುವ ಘಟಕ ಇರುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಆವರಣದಲ್ಲಿ.

ಜನ ತಿರುಗಿಬಿದ್ದರು. 2015ರಲ್ಲಿ ಹವಾಯಿಯ ಸುಪ್ರೀಂ ಕೋರ್ಟ್ ಪರವಾನಗಿ ರದ್ದು ಮಾಡಿತು. ಕಾರಣ ನೋಡಿ: ಮೊದಲು ಅನುಮತಿ ಕೊಟ್ಟು, ಆಮೇಲೆ ಜನರ ಆಕ್ಷೇಪಣೆ ಕೇಳಿದ್ದು ತಪ್ಪು ಎಂದಿತು. ವಿಚಾರಣೆ ಮತ್ತೆ ನಡೆದು, 2018ರಲ್ಲಿ ಅದೇ ಕೋರ್ಟ್ ಹೊಸ ಪರವಾನಗಿ ಎತ್ತಿಹಿಡಿಯಿತು. 2019ರ ಜುಲೈನಲ್ಲಿ ಯಂತ್ರಗಳು ಬೆಟ್ಟ ಹತ್ತಲು ಬಂದಾಗ ಮುದುಕ ಮುದುಕಿಯರು ದಾರಿಗೆ ಅಡ್ಡ ಕುಳಿತರು. ಮೂವತ್ತಕ್ಕೂ ಹೆಚ್ಚು ಹಿರಿಯರನ್ನು ಪೊಲೀಸರು ಬಂಧಿಸಿದರು. ಕೆಲಸ ಅಲ್ಲಿಗೇ ನಿಂತಿತು. ಕೋರ್ಟಿನಲ್ಲಿ ಗೆದ್ದರೂ ಜನರ ಮನಸ್ಸು ಗೆಲ್ಲಲಿಲ್ಲ.

ಈಗ ನಮ್ಮ ಕಡೆ ಬನ್ನಿ. ಹಲಕುಂದಿ ಸುತ್ತಿನವರಿಗೆ ಓಬಳಾಪುರಂ ಗುಡ್ಡಗಳ ಪರಿಚಯ ಮಾಡಿಕೊಡಬೇಕಿಲ್ಲ. ಕರ್ನಾಟಕ–ಆಂಧ್ರ ಗಡಿಯ ಕಾಡಿನಲ್ಲಿದ್ದ ಸುಗ್ಗಲಮ್ಮನ ಗುಡಿಯನ್ನು 2006ರಲ್ಲಿ ಸ್ಫೋಟಕ ಇಟ್ಟು ಉರುಳಿಸಲಾಯಿತು. ಆ ಗುಡಿ ದೇವರ ಮನೆಯೂ ಹೌದು, ಗಡಿಯ ಗುರುತೂ ಹೌದು. ಅದಿರಿಗಾಗಿ ಎರಡೂ ಹೋದವು. ಸಂಡೂರಿನ ಕುಮಾರಸ್ವಾಮಿ ಬೆಟ್ಟದಲ್ಲಿ ಸಾವಿರ ವರ್ಷ ದಾಟಿದ ಗುಡಿಗಳಿವೆ. ಅದೇ ಸಾಲಿನಲ್ಲಿ ಎನ್‌ಎಂಡಿಸಿಯ ಒಂದು ಗಣಿಯೂ ಇದೆ. ಅದರ ಹೆಸರೂ ಕುಮಾರಸ್ವಾಮಿ! 2024ರಲ್ಲಿ ದೇವದಾರಿ ಗುಡ್ಡದಲ್ಲಿ ಕೆಐಒಸಿಎಲ್ ಗಣಿಗೆ 400 ಹೆಕ್ಟೇರ್‌ಗೂ ಹೆಚ್ಚು ಕಾಡು ಕೊಡುವ ಮಾತು ಬಂದಾಗ, ಸುಮಾರು 99 ಸಾವಿರ ಮರ ಹೋಗುತ್ತವೆಂದು ಜನ ಎದ್ದುನಿಂತರು. ಭೂಮಿ ಹಸ್ತಾಂತರಿಸಬೇಡಿ ಎಂದು ರಾಜ್ಯದ ಅರಣ್ಯ ಸಚಿವರು ಸೂಚಿಸಿದರು.

ಗಣಿ ಬೇರೆ, ದೂರದರ್ಶಕ ಬೇರೆ ಅನ್ನುವವರಿದ್ದಾರೆ. ನಿಜ. ದೂರದರ್ಶಕ ಗುಡ್ಡವನ್ನು ತಿಂದು ಲಾರಿಗೆ ತುಂಬುವುದಿಲ್ಲ. ಮನುಷ್ಯನ ತಿಳುವಳಿಕೆ ಹೆಚ್ಚಿಸುತ್ತದೆ. ಹವಾಯಿಯ ಮೂಲನಿವಾಸಿಗಳಲ್ಲೂ ಅದು ಬೇಕು ಅನ್ನುವವರಿದ್ದಾರೆ. ನಕ್ಷತ್ರ ನೋಡಿ ಸಮುದ್ರ ದಾಟಿದ ಜನ ಅವರು, ಆಕಾಶ ಓದುವುದು ಅವರಿಗೆ ಹೊಸದಲ್ಲ. ನಮ್ಮಲ್ಲೂ ಲಾರಿ ಓಡಿಸಿ, ಕೂಲಿ ಮಾಡಿ ಗಣಿಯಿಂದ ಉಂಡವರಿದ್ದಾರೆ. ಗಣಿ ನಿಂತಾಗ ಅವರ ಒಲೆ ಆರಿದ್ದೂ ಸುಳ್ಳಲ್ಲ.

ಹಾಗಾಗಿ ಇದನ್ನು ದೇವರು–ವಿಜ್ಞಾನದ ಜಗಳ ಎಂದು ನೋಡುವುದೇ ತಪ್ಪು. ಯಾರನ್ನು ಕೇಳಿದರು, ಯಾವಾಗ ಕೇಳಿದರು, ಬೇಡ ಅಂದರೆ ಆ ಮಾತಿಗೆ ಬೆಲೆ ಇದೆಯಾ? ಪ್ರಶ್ನೆ ಇಷ್ಟೇ. ಹೆಲಿಕಾಪ್ಟರಿನಲ್ಲಿ ಅಳೆದು, ನಕ್ಷೆ ಬರೆದು, ಟೆಂಡರ್ ಮುಗಿಸಿ, ಕೊನೆಗೆ ಶಾಮಿಯಾನ ಹಾಕಿ ನಿಮ್ಮ ಅಭಿಪ್ರಾಯ ಹೇಳಿ ಎಂದರೆ ಅದು ಕೇಳಿದಂತಲ್ಲ, ತಿಳಿಸಿದಂತೆ.

ಸರಿಯಾಗಿ ಕೇಳಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಒಡಿಶಾದ ನಿಯಮಗಿರಿ ಬೆಟ್ಟ ಡೋಂಗ್ರಿಯಾ ಕೊಂಧ ಜನರಿಗೆ ದೇವರು. ಅಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಗ್ರಾಮಸಭೆಗಳನ್ನೇ ಕೇಳಿ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 12 ಊರಲ್ಲಿ ಸಭೆ ನಡೆಯಿತು, 12 ಊರೂ ಬೇಡ ಎಂದವು. ಗಣಿ ಬರಲಿಲ್ಲ. ಹವಾಯಿಯವರೂ ತಡವಾಗಿ ಆ ದಾರಿಗೆ ಬಂದಿದ್ದಾರೆ. 2022ರ ಕಾನೂನಿನಂತೆ ಬೆಟ್ಟ ನೋಡಿಕೊಳ್ಳಲು ಹೊಸ ಪ್ರಾಧಿಕಾರ ಬಂದಿದೆ, ಅದರಲ್ಲಿ ಮೂಲನಿವಾಸಿಗಳಿಗೂ ಕುರ್ಚಿ ಇದೆ. ಎರಡು ಹಳೆಯ ದೂರದರ್ಶಕಗಳನ್ನು 2024ರಲ್ಲಿ ಬಿಚ್ಚಿ ತೆಗೆದರು. 2033ಕ್ಕೆ ಗುತ್ತಿಗೆ ಮುಗಿಯುತ್ತದೆ. ಮುಂದೇನು ಎಂಬುದನ್ನು ಈ ಸಲ ಅವರೂ ಕೂತು ಮಾತಾಡುತ್ತಾರೆ.

ನಮ್ಮ ದುಡ್ಡೂ ಅದರಲ್ಲಿರುವುದರಿಂದ ಭಾರತ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಅಲ್ಲಿನ ಜನ ಒಪ್ಪಿದರೆ ಮೌನಾ ಕೀ, ಇಲ್ಲದಿದ್ದರೆ ಬೇರೆ ಜಾಗ. ಸ್ಪೇನಿನ ಲಾ ಪಾಲ್ಮಾ ದ್ವೀಪ ಹೇಗೂ ಬದಲಿ ಜಾಗವಾಗಿ ಇದೆ. ಕನ್ನಡಿಯನ್ನು ಇನ್ನೊಂದು ಗುಡ್ಡದ ಮೇಲೆ ಇಡಬಹುದು. ದೇವರ ಬೆಟ್ಟವನ್ನು ಎತ್ತಿ ಇನ್ನೊಂದು ಕಡೆ ಇಡಲು ಆಗುವುದಿಲ್ಲ.

ಇಲ್ಲಿ ನಾವು ಮಾಡಬೇಕಾದ್ದೂ ಇದೆ. ಮುಂದಿನ ಗ್ರಾಮಸಭೆಗೆ ಹೋಗಿ. ಊರಿನ ಗುಡ್ಡ, ಗೋಮಾಳ, ಗುಡಿ, ಜಾತ್ರೆ ದಾರಿ, ಹಳ್ಳದ ಹೆಸರುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಸುಗ್ಗಲಮ್ಮನ ಗುಡಿ ಬಿದ್ದ ಮೇಲೆ ಎಲ್ಲರೂ ಮಾತಾಡಿದೆವು. ಮಾತಾಡಬೇಕಾದ್ದು ಬೀಳುವ ಮುಂಚೆ.