ಗಾಳದ ಕೋಲನ್ನು ಆರಿಸುವ ಬಗೆ

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಬರಿಗೈಯಲ್ಲಿ ಹೊಳೆಯಿಂದ ಮರಳಿ ತನ್ನ ಗಾಳದ ಕೋಲನ್ನು ಬೈಯುವವನಿಗೂ ನಮ್ಮ ಜನ ಇದೇ ಮಾತನ್ನು ಹೇಳುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಒಮ್ಮೊಮ್ಮೆ ನೆಲವೂ ನಿಜವಾಗಿಯೇ ಡೊಂಕಾಗಿರುತ್ತದೆ. ಕೋಲು ಜಾಗಕ್ಕೆ ಒಗ್ಗದಿದ್ದರೆ ಎಂತಹ ಕುಶಲನೂ ಸೋಲುತ್ತಾನೆ. ಆದುದರಿಂದ ಕೋಲನ್ನು ಬೆಲೆ ನೋಡಿ ಕೊಳ್ಳಬಾರದು, ಮೀನು ಅಡಗುವ ಜಾಗವನ್ನು ನೋಡಿ ಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ನನಗೆ ಪುಕ್ಕಟೆಯಾಗಿ ಬಂದುದಲ್ಲ.

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೀನು ಹಿಡಿಯುವ ಮಾತೇ ಎಂದು ಗೆಳೆಯರು ನಗಬಹುದು. ಅವರಿಗೆ ಇತಿಹಾಸದ ತರಗತಿಯನ್ನು ನೆನಪಿಸುತ್ತೇನೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮೀನುಗಳ ಜಾತಿಗಳನ್ನೂ ಅವಕ್ಕೆ ಹಾಕುವ ಆಹಾರವನ್ನೂ ಗಾಳದ ಕ್ರಮವನ್ನೂ ವಿವರಿಸಿದ್ದಾನೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಭಾರತದಲ್ಲಿ ಗಾಳ ಹಾಕುವುದನ್ನು ಕುರಿತು ಒಂದು ಪುಸ್ತಕವನ್ನೇ ಪ್ರಕಟಿಸಿದ. ಅರಸನಿಗೂ ಕಲೆಕ್ಟರನಿಗೂ ಹೀನವೆನಿಸದ ವಿಷಯ ಬಿ.ಎ. ವಿದ್ಯಾರ್ಥಿಗೆ ಹೀನವೆನಿಸಬೇಕಾಗಿಲ್ಲ.

ನನ್ನ ಊರು ಖಾನಾಪುರ ತಾಲೂಕಿನದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಮ್ಮ ಹೊಲಗಳ ಕೆಳಗೇ ಹರಿಯುತ್ತಾಳೆ. ಅಲ್ಲಿ ದಂಡೆಯ ಮರಗಳು ನೀರಿನ ಮೇಲೆ ಬಾಗಿಕೊಂಡಿವೆ. ಬೇಸಿಗೆಯ ಬಿಸಿಲೇರಿದರೆ ದೊಡ್ಡ ಮೀನು ನಡುಹೊಳೆಯಲ್ಲಿ ನಿಲ್ಲದು. ಕೊಂಬೆಗಳ ನೆರಳು, ಬೇರುಗಳ ಸಂದು, ಸೇತುವೆಯ ಕಂಬದ ಮಗ್ಗುಲು, ಇವೇ ಅದರ ಮನೆ. ಕೊರವ ಮೀನಂತೂ ಹೊಂಚು ಹಾಕಿ ಬೇಟೆಯಾಡುವ ಜಾತಿ. ಅಮೇರಿಕದ ಸರೋವರಗಳಲ್ಲಿ ದೋಣಿ ಕಟ್ಟಲು ಮರದ ಅಟ್ಟಣೆಗಳಿರುತ್ತವೆ. ಅವುಗಳ ಅಡಿಯ ನೆರಳಿನಲ್ಲಿ ಮೀನು ಸೇರುವುದರಿಂದ, ಅಲ್ಲಿಯವರು ಸೀಸದ ತಲೆಯ ಗಾಳವನ್ನು ಪಕ್ಕದಿಂದ ಬೀಸಿ ನೀರಿನ ಮೇಲೆ ಕುಪ್ಪಳಿಸುವಂತೆ ಮಾಡಿ ಒಳಗೆ ಕಳಿಸುತ್ತಾರೆ. ಚಿಕ್ಕಂದಿನಲ್ಲಿ ನಾವೆಲ್ಲ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಜಿಗಿಸಿಲ್ಲವೇ? ಅದೇ ವಿದ್ಯೆ. ನಮ್ಮಲ್ಲಿ ಅಟ್ಟಣೆಯ ಬದಲು ಬಾಗಿದ ಕೊಂಬೆ, ಸೀಸದ ಗಾಳದ ಬದಲು ರಬ್ಬರಿನ ಕಪ್ಪೆ, ಅಷ್ಟೇ ವ್ಯತ್ಯಾಸ.

ಕಳೆದ ವರ್ಷ ರಜೆಯಲ್ಲಿ ನಾನು ಬೆಳಗಾವಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಹಣ ಕೂಡಿಸಿದೆ. ಅದು ಪರೀಕ್ಷೆಯ ಶುಲ್ಕಕ್ಕೆಂದು ಇಟ್ಟ ಹಣ. ಅದರಲ್ಲಿ 9 ಅಡಿಯ ಒಂದು ಕಾರ್ಬನ್ ಕೋಲನ್ನು ಕೊಂಡೆ. ಹೆಚ್ಚು ಉದ್ದ, ಹೆಚ್ಚು ಹೊಳಪು, ಹೆಚ್ಚು ಬೆಲೆ. ಆದ್ದರಿಂದ ಹೆಚ್ಚು ಮೀನು ಎಂದು ನನ್ನ ತರ್ಕ. ಹೊಳೆಗೆ ಹೋದರೆ ಬೀಸಿದಾಗಲೆಲ್ಲ ತುದಿ ಕೊಂಬೆಗೆ ಸಿಕ್ಕಿತು, ಇಲ್ಲವೇ ನೀರಿಗೆ ಬಡಿಯಿತು. ಕೊನೆಗೊಮ್ಮೆ ಕಪ್ಪೆ ನೆರಳಿನೊಳಗೆ ಹೋಯಿತು, ಕೊರವ ಹಿಡಿಯಿತು. ಆದರೆ ಆ ಉದ್ದನೆಯ ಮೆತ್ತನೆಯ ಕೋಲು ಬುಡದವರೆಗೂ ಬಾಗಿತೇ ಹೊರತು ಮೀನನ್ನು ತಡೆಯಲಿಲ್ಲ. ಅದು ಬೇರುಗಳನ್ನು ಸುತ್ತಿ ದಾರ ಹರಿದುಕೊಂಡು ಹೋಯಿತು.

ಅಪ್ಪ ದಂಡೆಯ ಮೇಲೆ ಕುಳಿತಿದ್ದರು. ಸಂತೆಯಲ್ಲಿ ಮೇದಾರರಿಂದ ಕೊಂಡ, ಆಳುದ್ದಕ್ಕಿಂತ ತುಸು ಗಿಡ್ಡಾದ ಗಟ್ಟಿ ಬಿದಿರು ಅವರದು. ರೀಲು ಇಲ್ಲ, ಕೋಲಿನಷ್ಟೇ ಉದ್ದದ ದಾರ. ಅದನ್ನು ಉಯ್ಯಾಲೆಯಂತೆ ತೂಗಿ ಕೊಂಬೆಯಡಿಗೆ ಬಿಡುತ್ತಾರೆ. ಅವರೆಂದರು: "ತಮ್ಮಾ, ಕೋಲು ಉದ್ದ ಆತು, ಜಾಗಾ ಗಿಡ್ಡ ಐತಿ. ಮೀನ ಹೋದರ ಹೋಗಲಿ, ಬಾಯಾಗ ಗಾಳ ಇಟ್ಕೊಂಡು ಹೋತಲ್ಲ." ಶುಲ್ಕದ ಮಾತನ್ನು ಅವರು ಎತ್ತಲಿಲ್ಲ. ಆ ವಾರ ಇಟ್ಟಿಗೆ ಭಟ್ಟಿಯಲ್ಲಿ ಎರಡು ದಿನ ಹೆಚ್ಚು ದುಡಿದು ತುಂಬಿದರು.

ಇದರಿಂದ ನಾನು ಕಲಿತುದನ್ನು ಹೇಳುತ್ತೇನೆ. ತಗ್ಗು ನೆರಳಿನಡಿ ಗಾಳ ಜಿಗಿಸುವವನಿಗೆ ಆರೂವರೆಯಿಂದ ಏಳು ಅಡಿಯ ಕೋಲು ಸಾಕು. ಅಂಗಡಿಯಲ್ಲಿಯೇ ಅದನ್ನು ಸೊಂಟದ ಮಟ್ಟದಲ್ಲಿ ಹಿಡಿದು, ತುದಿಯನ್ನು ಕೆಳಗೆ ಮಾಡಿ ಪಕ್ಕಕ್ಕೆ ಬೀಸಿ ನೋಡಬೇಕು. ತುದಿ ನೆಲಕ್ಕೆ ತಗುಲಿದರೆ ಅದು ನಮ್ಮ ಕೋಲಲ್ಲ. ಹಿಡಿಯ ಹಿಂಭಾಗ ಮೊಣಕೈಗೋ ಪಕ್ಕೆಗೋ ಬಡಿಯಬಾರದು. ತುದಿ ಬಳುಕಬೇಕು, ಏಕೆಂದರೆ ಗಾಳದ ಭಾರಕ್ಕೆ ಬಾಗಿ ಚಿಮ್ಮುವ ತುದಿಯೇ ಅದನ್ನು ನೀರಿಗೆ ಸಮನಾಗಿ ಕಳಿಸುವುದು. ತುದಿ ಬಿಗಿಯಾಗಿದ್ದರೆ ಕೈಯ ಬಲವನ್ನೆಲ್ಲ ಹಾಕಬೇಕಾಗುತ್ತದೆ, ಗಾಳ ನೀರಿಗೆ ಗುದ್ದಿ ಮುಳುಗುತ್ತದೆ. ಆದರೆ ನಡುವೂ ಬುಡವೂ ಗಟ್ಟಿಯಿರಬೇಕು. ಬೇರುಗಳ ನಡುವಿನಿಂದ ಮೀನನ್ನು ಎಳೆಯುವುದು ಅವು. ಎಷ್ಟು ಭಾರದ ಗಾಳಕ್ಕೆ ತಕ್ಕುದೆಂದು ಹಿಡಿಯ ಮೇಲೆ ಬರೆದಿರುವುದನ್ನು ಓದಿಕೊಳ್ಳಬೇಕು.

ಇನ್ನು ಯಾವುದರಿಂದ ಮಾಡಿದುದು? ಗಾಜುನಾರಿನ ಕೋಲುಗಳು ಎರಡನೆಯ ಮಹಾಯುದ್ಧದ ತರುವಾಯ, ಕಾರ್ಬನ್ ಕೋಲುಗಳು 1970ರ ದಶಕದಲ್ಲಿ ಬಳಕೆಗೆ ಬಂದವು. ಗಾಜುನಾರು ಭಾರ, ಆದರೆ ಪೆಟ್ಟು ತಾಳುತ್ತದೆ. ಹೊಸದಾಗಿ ಕಲಿಯುವವನಿಗೆ ಅದೇ ಲೇಸು. ಕಾರ್ಬನ್ ಹಗುರ, ಆದರೆ ಕಲ್ಲಿಗೆ ಬಡಿದರೆ ಸೀಳುತ್ತದೆ. ಮೇಲಾಗಿ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಪಂಪ್‌ಸೆಟ್ಟಿನ ತಂತಿಗಳ ಕೆಳಗೆ ಅದನ್ನು ಎತ್ತಬಾರದು. ಬಿದಿರಾದರೆ ಒಣಗಿದ, ಸೀಳಿಲ್ಲದ, ಗೆಣ್ಣುಗಳು ಹತ್ತಿರವಿರುವ ಗಟ್ಟಿ ಬಿದಿರನ್ನು ಆರಿಸಬೇಕು.

ಕೋಲಿನ ಆಯ್ಕೆ ಬರಿಯ ಸೋಲು ಗೆಲುವಿನ ಪ್ರಶ್ನೆಯಲ್ಲ. ದುರ್ಬಲ ಕೋಲಿನಿಂದ ಹರಿದುಹೋದ ದಾರ ಒಂದು ಜೀವದ ಬಾಯಲ್ಲಿ ಉಳಿಯುತ್ತದೆ. ಮಳೆಗಾಲದಲ್ಲಿ ಕೊರವ ತನ್ನ ಮರಿಗಳ ಹಿಂಡನ್ನು ಕಾಯುತ್ತಿರುತ್ತದೆ. ಆಗ ಎಷ್ಟು ಒಳ್ಳೆಯ ಕೋಲಿದ್ದರೂ ಅದನ್ನು ಮನೆಯ ಜಂತಿಗೆ ಸಿಕ್ಕಿಸಿಡುವುದೇ ಸರಿ. ತಾಯಿ ತಂದೆಯನ್ನು ಹಿಡಿದರೆ ಮರಿಗಳು ಉಳಿಯವು.

ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವನು ನಾನೇ ಮೊದಲಿಗ. ಬಿದಿರಿನ ಕೋಲನ್ನು ಹಿಡಿದು ಸಹಪಾಠಿಗಳ ಕಣ್ಣಿಗೆ ಬೀಳಲು ನಾಚಿ ನಾನು ಆ ಹೊಳಪಿನ ಕೋಲನ್ನು ಕೊಂಡೆನೆಂದು ಈಗ ಒಪ್ಪಿಕೊಳ್ಳುತ್ತೇನೆ. ಅಪ್ಪನನ್ನು ಮೊದಲೇ ಕೇಳಿದ್ದರೆ ಆ ಹಣ ಉಳಿಯುತ್ತಿತ್ತು. ಕೇಳುವುದು ಅವಮಾನವೆಂದು ನನಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ. ಅದನ್ನು ನಾನೇ ಕಲಿತಿದ್ದೆ. ಮಿತ್ರರೇ, ಕೋಲು ಕೊಳ್ಳುವವರಿದ್ದರೆ ಅಂಗಡಿಗೆ ಹೋಗುವ ಮುನ್ನ ಒಂದು ಸಂಜೆ ಹೊಳೆಯ ದಂಡೆಯಲ್ಲಿ ಕುಳಿತು ನೋಡಿರಿ. ಅಲ್ಲಿ ಗಾಳ ಹಾಕಿ ಕುಳಿತ ಹಿರಿಯರೊಬ್ಬರು ಇದ್ದೇ ಇರುತ್ತಾರೆ. ಅವರನ್ನು ಕೇಳಿರಿ.